ತೊಟ್ಟು ಕಚ್ಚಿ ಕೊಟ್ಟ ಸೋರೆಕಾಯಿ

ಆ ದಿನ ಮಾಡಿದ ಕೆಲಸಗಳು: ಐದಕ್ಕೆ ಎದ್ದು ಕೊಟ್ಟಿಗೆ ಗುಡಿಸಿದೆ. ಎಮ್ಮೆ ಕರೆದೆ. ಅತ್ತೆಗೆ ಬಿಸಿನೀರು ಕಾಯಿಸಿಕೊಟ್ಟೆ. ಆರು ಅಕ್ಕಿರೊಟ್ಟಿ ಬೇಯಿಸಿ ಬದನೆಕಾಯಿ ಪಲ್ಯ ಮಾಡಿದೆ. ಪಲ್ಯ ಬಾಯಿಗಿಟ್ಟ ಯಜಮಾನರು, "ಏನಿದು, ಉಪ್ಪಿನ ಡಬ್ಬಿನೇ ಬಗ್ಗಿಸಿದ್ಯಾ?" ಅಂದರು. ಮೊಸರು ಬಡಿಸಿದೆ. ಹಿತ್ತಿಲಲ್ಲಿ ಹದಿನಾಲ್ಕು ಸೋರೆಕಾಯಿ, ಒಂದು ಬುಟ್ಟಿ ಬೆಂಡೆಕಾಯಿ ಕೊಯ್ದೆ. ಹಳೇ ಸೀರೆ ತುಂಡಿನಲ್ಲಿ ಕಾಯಿಗಳ ಮೇಲಿನ ಇಬ್ಬನಿ ಒರೆಸಿದೆ. ತೊಟ್ಟು ಮುರಿದಿದ್ದ ಒಂದನ್ನು ಮನೆಗೆ ಬಿಟ್ಟು ಉಳಿದವನ್ನು ಏಳೂವರೆ ಬಸ್ಸಿಗೆ ಶಿರಾಳಕೊಪ್ಪದ ಸಂತೆಗೆ ಒಯ್ದೆ. ಹನ್ನೆರಡರೊಳಗೆ ಎಲ್ಲ ಮಾರಿ, ಅರ್ಧ ಕೆಜಿ ಈರುಳ್ಳಿ, ಅತ್ತೆಗೆ ಎಲೆ ಅಡಿಕೆ ತಗೊಂಡು ಮನೆಗೆ ಬಂದೆ. ಬಟ್ಟೆ ನೆನೆಹಾಕಿದೆ.

ಒಗೆಯಲಿಲ್ಲ. ಆ ಬಟ್ಟೆ ಮಾರನೇ ದಿನದವರೆಗೂ ಬಕೀಟಿನಲ್ಲೇ ಇತ್ತು.

ನಾನು ಸೋಪಿನ ನೀರಿನಲ್ಲಿ ಕೈ ಅದ್ದಿದ್ದಾಗ ಒಳಗಿನಿಂದ ಅತ್ತೆ "ಥೂ" ಅಂದದ್ದು ಕೇಳಿಸಿತು. ಮತ್ತೊಮ್ಮೆ "ಥೂ ಥೂ". ಹೋಗಿ ನೋಡಿದರೆ ಈಳಿಗೆಮಣೆ ಮುಂದೆ ಕೂತು ಸೆರಗಿನಲ್ಲಿ ನಾಲಿಗೆ ಒರೆಸಿಕೊಳ್ಳುತ್ತಿದ್ದರು. ಮಧ್ಯಾಹ್ನದ ಹುಳಿಗೆ ಸೋರೆಕಾಯಿ ಹೆಚ್ಚಲು ಕೊಟ್ಟು ಹೋಗಿದ್ದೆ. ಹಲ್ಲು ಹೋಗಿ ಹತ್ತು ವರ್ಷವಾದರೂ ಹೆಚ್ಚುವ ಮೊದಲು ಒಂದು ಚೂರು ಬಾಯಿಗೆ ಹಾಕಿಕೊಳ್ಳುವುದನ್ನು ಅವರು ಬಿಟ್ಟಿಲ್ಲ.

"ಇದು ಯಾವ ಬಳ್ಳೀದು?"

"ತಿಪ್ಪೆ ಪಕ್ಕ ತಾನಾಗೇ ಹುಟ್ಟಿತ್ತಲ್ಲ ಅತ್ತೆ, ಅದು."

"ಅದರಾಗೆ ಎಷ್ಟು ಕೊಯ್ದಿ?"

"ಮೂರು. ಇದೊಂದು ಮನೆಗೆ ಇಟ್ಟೆ."

"ಮಿಕ್ಕಿದ್ದೆರಡು?"

"ಮಾರಿದೆ."

"ತೊಟ್ಟು ಕಚ್ಚಿದ್ಯೋ ಇಲ್ಲೋ?"

"ಎಲ್ಲಾದನ್ನೂ ಕಚ್ಚೀನಿ."

ಅತ್ತೆ ಒಂದು ಹೋಳು ಕತ್ತರಿಸಿ ನನ್ನ ಕೈಗೆ ಕೊಟ್ಟರು. ಅಗಿದೆ. "ಏನನ್ನಿಸ್ತದೆ?" ಅಂದರು. "ನೀರು ನೀರು" ಅಂದೆ. ಅವರ ಮುಖ ನೋಡಿದಾಗ ಅದು ಕಹಿಯೆಂದು ಗೊತ್ತಾಯಿತು. ಉಗುಳಿ ಬಾ ಎಂದು ಅವರು ಎರಡು ಸಲ ಹೇಳಬೇಕಾಯಿತು.

ಹಿಂದಿನ ವಾರ ನನಗೆ ಜ್ವರ ಬಂದಿತ್ತು. ಮೂರು ದಿನ ಮಲಗಿ ಎದ್ದೆ. ಜ್ವರದ ಬಾಯಿ ಸಪ್ಪೆ ಇರುವುದು ಹೊಸತೇನಲ್ಲ ಅಂತ ಗಮನ ಕೊಟ್ಟಿರಲಿಲ್ಲ. ಪಲ್ಯಕ್ಕೆ ಉಪ್ಪು ಸಾಲದೆಂದು ಹಾಕುತ್ತಲೇ ಹೋದವಳು ನಾನೇ. ಬೆಳಗ್ಗೆ ಸಂತೆಯಲ್ಲಿ ಒಂದೊಂದು ಕಾಯಿ ಕಚ್ಚಿದಾಗಲೂ ಏನೂ ಅನ್ನಿಸಿರಲಿಲ್ಲ. ಕಹಿ ಇಲ್ಲ ಎಂದರೆ ಸಿಹಿ ಎಂದುಕೊಂಡೆ. ಕೊಂಡವರ ಕಣ್ಣು ನೋಡಿ "ಸಿಹಿ ಐತೆ, ಒಯ್ಯಿರಿ" ಅಂದೆ. ಹದಿಮೂರು ಸಲ ಅಂದಿದ್ದೆ.

ಶಿರಾಳಕೊಪ್ಪದ ಸಂತೆಗೆ ಹೊಸಬರು ಬಂದರೆ ನಮ್ಮ ಸಾಲಿನಲ್ಲಿ ಕೊಂಡ ಸೋರೆಕಾಯಿ ನೋಡಿ ನಗುತ್ತಾರೆ. ಎಲ್ಲ ಕಾಯಿಗೂ ತೊಟ್ಟಿನ ಹತ್ತಿರ ಉಗುರಿನಷ್ಟು ಕತ್ತರಿಸಿದ ಗುರುತಿರುತ್ತದೆ. "ಏನ್ರೀ, ಇಲಿ ಕಡಿದಿದ್ದನ್ನೂ ಮಾರ್ತೀರಾ?" ಅಂತ ಕೇಳಿದವರಿದ್ದಾರೆ. ಇಲಿಯಲ್ಲ, ಮಾರುವವಳೇ ಕಚ್ಚಿರುತ್ತಾಳೆ. ಕೊಳ್ಳುವವರ ಕಣ್ಣೆದುರಿಗೇ ಚಾಕುವಿನಿಂದ ಚೂರು ತೆಗೆದು ಬಾಯಿಗೆ ಹಾಕಿಕೊಂಡು, ನುಂಗಿ, ಆಮೇಲೆ ಕಾಯಿ ಕೊಡಬೇಕು. ಮನೆಯಲ್ಲೇ ಕಚ್ಚಿ ತಂದೆ ಅಂದರೆ ನಡೆಯುವುದಿಲ್ಲ. ಇದನ್ನು ಯಾವ ಪಂಚಾಯ್ತಿಯೂ ಹೇಳಿಲ್ಲ, ಯಾವ ಬೋರ್ಡಿನಲ್ಲೂ ಬರೆದಿಲ್ಲ.

ಅತ್ತೆ ಹೇಳುವ ಪ್ರಕಾರ ಇದು ಅವರ ಅತ್ತೆಯ ಕಾಲದಿಂದ ಬಂದದ್ದು. ಆಗ ಸಂತೆಗೆ ಕಟ್ಟೆಯಿಲ್ಲ, ಸೂರಿಲ್ಲ, ಮರದ ನೆರಳೇ ಎಲ್ಲ. ಈಗ ಮೊಬೈಲ್ ಅಂಗಡಿಗಳಿರುವ ಕಡೆ ಗಾಡಿ ಬಿಡುತ್ತಿದ್ದರಂತೆ. ಈಸೂರಿನ ಕಡೆಯವರು ಗಾಡಿಯಲ್ಲಿ ಕಾಳು ತರುತ್ತಿದ್ದರು, ಸೊರಬದ ಕಡೆಯವರು ತಲೆ ಮೇಲೆ ಬಿದಿರು ಬುಟ್ಟಿ, ಮಡಕೆ ಹೊತ್ತು ಹಿಂದಿನ ಸಂಜೆಯೇ ಬಂದು ಮಲಗುತ್ತಿದ್ದರು. ಒಂದು ಸಂತೆಯಲ್ಲಿ ನಮ್ಮ ಸಾಲಿನಿಂದ ಯಾರೋ ಕೊಟ್ಟ ಸೋರೆಕಾಯಿ ಒಂದು ಮನೆಗೆ ಹೋಯಿತು. ಕಹಿ ಅಂತ ಮಕ್ಕಳು ಬಿಟ್ಟವು. ಅನ್ನ ಸಾರು ಚೆಲ್ಲಬಾರದೆಂದು ಆ ಮನೆಯ ಬಾಣಂತಿ ಊಟ ಮಾಡಿದಳು. ಎರಡು ದಿನ ವಾಂತಿ ಭೇದಿಯಾಗಿ ಹೋಗಿಬಿಟ್ಟಳು. ಮುಂದಿನ ವಾರ ನಮ್ಮ ಸಾಲಿನ ಹತ್ತಿರ ಯಾರೂ ಸುಳಿಯಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಆಗ ನಮ್ಮತ್ತೆಯ ಅತ್ತೆ ಎದ್ದು ನಿಂತು, ಬುಟ್ಟಿಯ ಕಾಯನ್ನೆಲ್ಲ ಒಂದೊಂದಾಗಿ ಕಚ್ಚಿ ನುಂಗಿ, "ನಾನು ಸತ್ರೆ ಬಿಡ್ರಿ, ಬದುಕಿದ್ರೆ ಒಯ್ಯಿರಿ" ಅಂದರಂತೆ. ಅವತ್ತಿನಿಂದ ನಡೆದುಬಂದಿದೆ. ಮಡಕೆ ಸಾಲು ಹೋಗಿ ಪ್ಲಾಸ್ಟಿಕ್ ಕೊಡದ ಸಾಲಾಯಿತು, ಬುಟ್ಟಿ ಸಾಲು ಹೋಗಿ ಚಪ್ಪಲಿ ಸಾಲಾಯಿತು, ಸಿಮೆಂಟು ಕಟ್ಟೆ ಬಂತು. ತೊಟ್ಟು ಕಚ್ಚುವುದು ಮಾತ್ರ ಹೋಗಲಿಲ್ಲ. ಕಚ್ಚಿ ಕೊಟ್ಟ ಕಾಯನ್ನು ಮನೆಯಲ್ಲಿ ಮತ್ತೆ ಯಾರೂ ರುಚಿ ನೋಡುವುದಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

"ನಿಂತ್ಕೋಬೇಡ, ಹೋಗು" ಅಂದರು ಅತ್ತೆ.

ಯಜಮಾನರು ಗದ್ದೆಗೆ ಹೋಗಿದ್ದರು, ಫೋನು ಎತ್ತಲಿಲ್ಲ. ದಾರಿಯಲ್ಲಿ ಸಿಕ್ಕ ಆಟೋ ಹತ್ತಿ ಎರಡು ಗಂಟೆಗೆ ಸಂತೆ ಮುಟ್ಟಿದೆ. ಆ ಎರಡು ಕಾಯಿ ಯಾರಿಗೆ ಹೋದವು ಎಂದು ದಾರಿಯುದ್ದಕ್ಕೂ ನೆನೆದೆ. ತಿಪ್ಪೆ ಬಳ್ಳಿಯ ಕಾಯಿಗೆ ಕುತ್ತಿಗೆ ಸಣ್ಣ, ಬಣ್ಣ ತುಸು ಬಿಳುಪು. ಚೆಂದ ಕಾಣುತ್ತವೆಂದು ನಾನೇ ಬುಟ್ಟಿಯ ಮೇಲಿಟ್ಟಿದ್ದೆ. ಮೊದಲನೆಯದನ್ನು ನನ್ನ ಪಕ್ಕ ಕೂರುವ ಬೆಳ್ಳುಳ್ಳಿ ಅಕ್ಕನೇ ತಗೊಂಡಿದ್ದಳು. ಅವಳು ಶಿಕಾರಿಪುರದ ಕಡೆಯವಳು, ಸಂಜೆಯವರೆಗೂ ಕೂರುತ್ತಾಳೆ. ಎರಡನೆಯದು ಒಬ್ಬ ವಯಸ್ಸಾದವರಿಗೆ. ಬಿಳಿ ಅಂಗಿ, ಕನ್ನಡಕ, ಕೈಯಲ್ಲಿ ಬಟ್ಟೆ ಚೀಲ. ಅಷ್ಟೇ ನೆನಪು.

ಅಕ್ಕ ನನ್ನನ್ನು ನೋಡಿ ನಕ್ಕಳು. "ಏನವ್ವಾ, ಜಾಗ ಬಿಟ್ಟು ಇರಕ್ಕಾಗಲ್ಲ ಅಂತ ಬಂದ್ಯಾ? ಗಂಡ ಹೊರಗೆ ಹಾಕಿದ್ನಾ?"

"ಅಕ್ಕಾ, ಬೆಳಗ್ಗೆ ಕೊಟ್ಟ ಸೋರೆಕಾಯಿ ಎಲ್ಲೈತೆ?"

"ಚೀಲದಾಗೈತೆ. ವಾಪಸ್ ಬೇಕಾ? ಕಚ್ಚಿದ ಕಾಯಿ ವಾಪಸಿಲ್ಲ."

ನಾನೇ ಚೀಲಕ್ಕೆ ಕೈ ಹಾಕಿ ತೆಗೆದೆ. ಚಾಕು ಹುಡುಕಲೂ ತಾಳ್ಮೆಯಿಲ್ಲದೆ ಕಟ್ಟೆಯ ಅಂಚಿಗೆ ಬಡಿದು ಒಡೆದೆ. "ನಾಲಿಗೆ ತುದಿಗೆ ಮುಟ್ಸು, ನುಂಗಬೇಡ" ಅಂದೆ. ಅವಳು ಮುಟ್ಟಿಸಿದಳು. ಕಣ್ಣು ಮುಚ್ಚಿ, ಬಗ್ಗಿ, ಬೆಳ್ಳುಳ್ಳಿ ರಾಶಿಯ ಆಚೆಗೆ ಉಗುಳಿದಳು. ಆಮೇಲೆ ನಗಲಿಲ್ಲ.

"ಅಯ್ಯಯ್ಯಪ್ಪಾ! ಇದನ್ನ ನೀನು ಸಿಹಿ ಅಂದಿ?"

ನಾಲಿಗೆ ಸತ್ತ ವಿಷಯ ಹೇಳಿದೆ. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದ್ದು ನಿಂತು ಸಾಲಿನುದ್ದಕ್ಕೂ ಕೂಗಿದಳು, ಇವತ್ತು ಸೋರೆಕಾಯಿ ಅವ್ವನ ಹತ್ತಿರ ಕಾಯಿ ತಗೊಂಡವರು ಕಂಡರೆ ರುಚಿ ನೋಡಿ ಅಡುಗೆ ಮಾಡಲು ಹೇಳಿ ಅಂತ. ಸೊಪ್ಪಿನವಳು, ಮೆಣಸಿನಕಾಯಿಯವಳು ಎಲ್ಲರೂ ನನ್ನತ್ತ ತಿರುಗಿದರು. ಈ ಸಾಲಿಗೆ ಬಂದ ಇಪ್ಪತ್ತಾರು ವರ್ಷದಲ್ಲಿ ಅಷ್ಟು ಜನ ಒಟ್ಟಿಗೆ ನನ್ನನ್ನು ಹಾಗೆ ನೋಡಿದ್ದಿಲ್ಲ.

"ಕನ್ನಡಕದ ಅಜ್ಜರು ಒಂದು ಒಯ್ದರಲ್ಲ, ಅವರು ಯಾರಕ್ಕಾ?"

"ಆ ಚೀಲದೋರಾ? ವಾರಾ ವಾರಾ ಬರ್ತಾರೆ. ನಂತಾವ ಬೆಳ್ಳುಳ್ಳಿ ತಗೊಳ್ಳಲ್ಲ, ಪಿಟ್ಟೆನ್ನಲ್ಲ. ಯಾವೂರೋ ಗೊತ್ತಿಲ್ಲ. ಮೊಬೈಲ್ ಸ್ಕ್ಯಾನ್ ಮಾಡಿದ್ರೆ ಹೆಸರಾದ್ರೂ ಬರ್ತಿತ್ತು. ಅವರು ಚಿಲ್ಲರೆ ಗಿರಾಕಿ." ಸ್ವಲ್ಪ ಯೋಚಿಸಿ, "ಇರಲಿ ಬಿಡವ್ವಾ, ಇಷ್ಟು ಕಹಿ ಬಾಯಿಗೆ ಹೋದ್ರೆ ಯಾರಾದ್ರೂ ಉಗುಳ್ತಾರೆ" ಅಂದಳು.

ಆ ಮಾತಿಗೆ ಜೀವ ಒಂದು ಕ್ಷಣ ಹಗುರಾಯಿತು. ಆದರೂ ಕೂರಲಾಗಲಿಲ್ಲ. ಇಲ್ಲಿ ಯಾರ ಹೆಸರೂ ಯಾರಿಗೂ ಬೇಕಾಗಿಲ್ಲ. ನಾನು ಸೋರೆಕಾಯಿ ಅವ್ವ, ಅವಳು ಬೆಳ್ಳುಳ್ಳಿ ಅಕ್ಕ, ಗಿರಾಕಿಗಳು ಅವರು ಕೊಳ್ಳುವ ಪದಾರ್ಥದಿಂದಲೇ ಗುರುತು. ಹಾಗಾಗಿ ಆ ಅಜ್ಜರು ಇನ್ನೇನು ಕೊಳ್ಳುತ್ತಾರೆ ಎಂದು ಕೇಳುತ್ತಾ ಹೊರಟೆ. ಬೆಲ್ಲದ ಸಾಲಿನವರು ನೋಡಿಲ್ಲವೆಂದರು. ಬಾಳೆಹಣ್ಣಿನವನು ಇಲ್ಲವೆಂದು ತಲೆಯಾಡಿಸಿದ. ತರಕಾರಿಯ ಕೊನೆಯಲ್ಲಿ ಹಾಗಲಕಾಯಿ ಮಾರುವವಳು, "ಓ, ನಮ್ಮ ಗಿರಾಕಿ ಅಲ್ವಾ? ಕಾಲು ಕೆಜಿ ಹಾಗಲ ಒಯ್ತಾರೆ, ಆಮೇಲೆ ಮಸಾಲೆ ಭಾಯಿ ಕಡೆ ಹೋಗ್ತಾರೆ" ಅಂದಳು.

ಮಸಾಲೆ ಸಾಲಿನ ಭಾಯಿ ಅಳತೆಯ ಡಬ್ಬಿ ಕೆಳಗಿಟ್ಟು ನನ್ನ ಮಾತು ಪೂರಾ ಕೇಳಿದರು.

"ಗೊತ್ತು ಅಕ್ಕಾ. ಸೊರಬದೋರು. ಸರ್ವೆ ಕೆಲಸದಾಗಿದ್ದು ರಿಟೈರಾದೋರು. ಮೆಂತ್ಯೆ ತಗೊಳ್ತಾರೆ ನನ್ನ ಹತ್ರ. ಶುಗರ್ ಐತೆ ಅವರಿಗೆ. ಎಷ್ಟೈತೆ ಅಂತ ವಾರಾ ವಾರಾ ನನಗೆ ರಿಪೋರ್ಟ್ ಕೊಡ್ತಾರೆ, ನಾನೇ ಡಾಕ್ಟ್ರು ಅನ್ನೋ ಹಂಗೆ."

"ಕಹಿ ಅಂತ ಗೊತ್ತಾದ್ರೆ ಬಿಸಾಡ್ತಾರಲ್ವಾ ಭಾಯಿ?"

ಭಾಯಿ ನನ್ನ ಹತ್ತಿರಕ್ಕೆ ಬಗ್ಗಿದರು. "ಅಕ್ಕಾ, ಅವರು ಹುಳಿ ಮಾಡಕ್ಕೆ ಒಯ್ಯಲ್ಲ. ಹಸೀದೇ ರಸ ತೆಗೆದು ಕುಡಿಯೋದು. ಬೇವು, ಹಾಗಲ, ಸೋರೆ ಎಲ್ಲಾ. ಕಹಿ ಇದ್ದಷ್ಟೂ ಶುಗರ್ ಇಳೀತದೆ ಅಂತ ಅವರ ಲೆಕ್ಕ."

ಉಗುಳುವವರಲ್ಲ ಅವರು. ಬಾಣಂತಿಯಾದರೂ ಸಾರಿನಲ್ಲಿ ಬೆಂದ ಹೋಳು ತಿಂದಿದ್ದಳು. ಇವರದು ಹಸಿ ರಸ. ಭಾಯಿ ನನಗೆ ಕೂರಲು ಸ್ಟೂಲು ಎಳೆದರು. ಹಿಡಿ ಮೆಂತ್ಯೆ ಕೊಟ್ಟು, "ನಾಲಿಗೆ ನಿಜವಾಗಿ ಹೋಗೈತಾ ನೋಡು" ಅಂದರು. ಪೂರಾ ಬಾಯಿಗೆ ಹಾಕಿ ಅಗಿದೆ. ಮರಳು ಅಗಿದ ಹಾಗಿತ್ತು.

ಅವರು ಮನೆ ಗುರುತು ಹೇಳಿದರು. ಸೊರಬದ ಬಸ್‌ಸ್ಟ್ಯಾಂಡಿನಿಂದ ಚಂದ್ರಗುತ್ತಿ ರಸ್ತೆಗೆ ನಡೆದರೆ ಹಿಟ್ಟಿನ ಗಿರಣಿ, ಅದರ ಎದುರು ಹಸಿರು ಗೇಟು. "ರಸ ಕುಡಿಯೋದು ಬೆಳಗ್ಗೆ ಖಾಲಿ ಹೊಟ್ಟೆಗೆ. ಇನ್ನೂ ಟೈಮೈತೆ, ಹೆದರಬೇಡ" ಅಂದರು. ಮೂರೂವರೆ ಬಸ್ಸು ಸಿಕ್ಕಿತು.

ಆ ಬಸ್ಸಿನಲ್ಲಿ ಕೂತಷ್ಟು ಹೊತ್ತು ನಾನು ಏನು ನೋಡಿದೆ ಎಂದು ಕೇಳಿದರೆ ಹೇಳಲಾರೆ. ಮುಂದಿನ ಸೀಟಿನ ಕಂಬಿ ಹಿಡಿದಿದ್ದೆ, ಇಳಿಯುವಾಗ ಅಂಗೈಯಲ್ಲಿ ತುಕ್ಕಿನ ಗುರುತಿತ್ತು. ಬೆಳಗ್ಗೆ ಅಂತ ಭಾಯಿ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಕೊಂಡೆ. ಪ್ರತಿ ನಿಲ್ದಾಣದಲ್ಲೂ ಕಂಡಕ್ಟರು ಜನ ಹತ್ತಿಸಿಕೊಳ್ಳುತ್ತಿದ್ದ. ಒಂದು ಕಡೆ ಕೋಳಿ ಬುಟ್ಟಿಗೆ ಟಿಕೆಟ್ ತಗೊಳ್ಳಬೇಕೋ ಬೇಡವೋ ಅಂತ ಐದು ನಿಮಿಷ ಜಗಳವಾಯಿತು. ಉಳಿದವರೆಲ್ಲ ನಕ್ಕರು. ನನಗೆ ಚೀರಬೇಕು ಅನ್ನಿಸಿತು.

ಹಸಿರು ಗೇಟು ತೆರೆದೇ ಇತ್ತು. ಜಗುಲಿಯಲ್ಲಿ ಬಟ್ಟೆ ಚೀಲ ಮೊಳೆಗೆ ನೇತುಬಿದ್ದಿತ್ತು, ಖಾಲಿ. ಕರೆದೆ. ಎರಡನೇ ಸಲಕ್ಕೆ ಒಬ್ಬ ಹೆಂಗಸು ಒದ್ದೆ ಟವೆಲ್ಲು ಹಿಡಿದು ಓಡಿಬಂದರು, ಅವರ ಹೆಂಡತಿ.

"ಯಾರು ಬೇಕಿತ್ತು?"

"ಸಂತೇಲಿ ಸೋರೆಕಾಯಿ ಕೊಟ್ಟೋಳು ಅಮ್ಮಾ. ಆ ಕಾಯಿ ಎಲ್ಲಿದೆ?"

"ಈಗ ಕಾಯಿ ಯಾಕೆ ಮಾರಾಯ್ತಿ! ಇವ್ರಿಗೆ ಹುಷಾರಿಲ್ಲ. ಶುಗರ್ ಇಳಿದುಹೋಯ್ತು ಅಂತ ಕಾಣತ್ತೆ. ಸಕ್ಕರೆ ನೀರು ಕೊಟ್ಟೆ, ಅದನ್ನೂ ಕಕ್ಕಿದ್ರು. ಸ್ವಲ್ಪ ಹೊತ್ತು ಮಲಗಿದ್ರೆ ಸರಿಹೋಗತ್ತೆ ಅಂತಿದಾರೆ."

"ರಸ ಕುಡಿದ್ರಾ?"

"ನಾಲ್ಕು ಗಂಟೆಗೆ ಒಂದು ಲೋಟ. ಬೆಳಿಗ್ಗೆ ಸಂತೆಗೆ ಹೋಗೋ ಗಡಿಬಿಡೀಲಿ ತಪ್ಪಿತ್ತಲ್ಲ, ಅದಕ್ಕೆ."

ಕೇಳದೆ ಒಳಗೆ ನುಗ್ಗಿದೆ. ಬಚ್ಚಲಿನ ಹೊಸ್ತಿಲಲ್ಲಿ ಅವರು ಗೋಡೆಗೆ ಒರಗಿ ಕೂತಿದ್ದರು. ಕನ್ನಡಕವಿರಲಿಲ್ಲ. ಅಂಗಿ ಬೆವರಿಗೆ ಅಂಟಿತ್ತು. ಹೊಟ್ಟೆ ಹಿಡಿದುಕೊಂಡು ಮತ್ತೆ ಬಗ್ಗಿದರು, ಬರೀ ನೊರೆ ಬಂತು. "ಅಮ್ಮಾ, ಶುಗರ್ ಅಲ್ಲ. ಆ ಕಾಯಿ ವಿಷ. ಮಲಗಿಸಬೇಡಿ, ಆಸ್ಪತ್ರೆಗೆ ನಡೀರಿ" ಅಂದೆ. ಹೆಂಡತಿ ನನ್ನ ಮುಖವನ್ನೇ ನೋಡುತ್ತ ನಿಂತರು. ಗಿರಣಿಯವನನ್ನು ನಾನೇ ಕೂಗಿ ಆಟೋ ತರಿಸಿದೆ. ಅಡುಗೆಮನೆಯಲ್ಲಿ ತುರಿದು ಮಿಕ್ಕ ಅರ್ಧ ಕಾಯಿಯಿತ್ತು, ಸಣ್ಣ ಕುತ್ತಿಗೆಯದು. ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡೆ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಹೆಂಡತಿ ಅಭ್ಯಾಸದಂತೆ ಶುಗರ್ ಫೈಲು ಚಾಚಿದರು. ನಾನು ಚೀಲ ಬಿಚ್ಚಿ ಕಾಯಿ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಡಾಕ್ಟರಮ್ಮ ಬಿ.ಪಿ. ನೋಡಿದರು, ಇಳಿದಿತ್ತು. ಬೆರಳು ಚುಚ್ಚಿ ಶುಗರ್ ನೋಡಿದರು, ಅದು ಇಳಿದಿರಲಿಲ್ಲ. "ಇದನ್ನ ತಂದದ್ದು ಒಳ್ಳೇದಾಯ್ತು" ಅಂದು ನರ್ಸಿಗೆ ಬೇಗ ಬೇಗ ಏನೋ ಹೇಳಿದರು. ಡ್ರಿಪ್ಪು ಹಾಕಿದರು. ಒಂದು ಬಾಟಲಿ ಖಾಲಿಯಾಗುವವರೆಗೂ ನಾನು ಆ ಹನಿಗಳನ್ನೇ ನೋಡುತ್ತ ನಿಂತೆ. ನಡುವೆ ಒಂದು ಸಲ ಅಜ್ಜರ ಕಣ್ಣು ಮೇಲೆ ಸಿಕ್ಕಿಕೊಂಡಿತು. ಹೆಂಡತಿ "ರೀ, ರೀ" ಎಂದು ಕೂಗಿದರು. ಈಗಲೂ ಸಂತೆಯ ಗದ್ದಲದಲ್ಲಿ ಯಾರಾದರೂ ಹಾಗೆ ಗಂಡನನ್ನು ಕರೆದರೆ ನನ್ನ ಚಾಕು ನಿಲ್ಲುತ್ತದೆ.

ಎರಡನೇ ಬಾಟಲಿಗೆ ಬಿ.ಪಿ. ಸ್ವಲ್ಪ ಏರಿತು. ಅವರು ಕಣ್ಣು ಬಿಟ್ಟು ನನ್ನನ್ನು ಗುರುತಿಸಿದರು.

"ಸೋರೆಕಾಯಿ ಅವ್ವ. ನೀನೇನು ಇಲ್ಲಿ?"

"ಸರ್, ಕಹಿ ಇತ್ತಲ್ಲ, ಯಾಕೆ ಕುಡಿದ್ರಿ? ಶುಗರಿಗೆ ಒಳ್ಳೇದು ಅಂತಲಾ?"

"ಅಲ್ಲವ್ವಾ. ಹಾಗಲಕಾಯಿ ಕಹಿ ಬೇರೆ, ನಂಗೊತ್ತಿಲ್ವಾ?" ಉಸಿರು ತಗೊಂಡರು. "ಮೊದಲ ಗುಟುಕಿಗೇ ಗಾಬರಿ ಆಯ್ತು. ಆದ್ರೆ ನೀನು ನನ್ನ ಎದುರಿಗೇ ಕಚ್ಚಿ ನುಂಗಿದ್ಯಲ್ಲ. ಹೊಸ ಮಾತ್ರೆ ಕೊಟ್ಟಿದ್ದಾರೆ, ಅದರಿಂದ ನನ್ನ ಬಾಯೇ ಕೆಟ್ಟಿದೆ ಅಂದ್ಕೊಂಡೆ."

ಅಲ್ಲೇ ನೆಲದ ಮೇಲೆ ಕೂತೆ. ನನ್ನ ಬಾಯಿಯೇ ಕೆಟ್ಟಿತ್ತು, ಜ್ವರ ಬಂದು ರುಚಿ ಹೋಗಿತ್ತು ಸರ್ ಅಂದೆ. ಅವರು ಮುಖ ಆಚೆ ತಿರುಗಿಸಿದರು. ಹೆಂಡತಿ ಬಿಡಲಿಲ್ಲ.

"ರುಚಿ ಗೊತ್ತಾಗ್ದೆ ಇದ್ಮೇಲೆ ಯಾಕೆ ಕಚ್ಚಿದ್ದು? ನಮ್ಗೆ ತೋರಿಸ್ಲಿಕ್ಕಾ?"

ಕೈ ಅಭ್ಯಾಸಕ್ಕೆ ಕತ್ತರಿಸಿತು, ಬಾಯಿ ಅಭ್ಯಾಸಕ್ಕೆ ಅಗಿಯಿತು. ಜನ ಸಾಲುಗಟ್ಟಿ ನಿಂತಿದ್ದರು, ಬಸ್ಸಿನ ಹೊತ್ತಾಗಿತ್ತು. ಇಷ್ಟನ್ನೇ ಹೇಳಬಹುದಿತ್ತು, ಆದರೆ ಹಾಸಿಗೆಯ ಮೇಲೆ ಒಬ್ಬರು ಮಲಗಿರುವಾಗ ಹೇಳುವ ಮಾತಲ್ಲ ಅದು. "ತಪ್ಪಾಯ್ತಮ್ಮಾ" ಅಂದೆ.

ರಾತ್ರಿ ಇಲ್ಲೇ ಇರಲಿ, ವಾಂತಿಯಲ್ಲಿ ರಕ್ತ ಕಂಡರೆ ಶಿವಮೊಗ್ಗಕ್ಕೆ ಕಳಿಸಬೇಕಾಗುತ್ತದೆ ಅಂದರು ಡಾಕ್ಟರಮ್ಮ. ನಾನು ಉಳಿಯುತ್ತೇನೆ ಅಂದೆ. ಹೆಂಡತಿ ಬೇಡವೆಂದರು. ಸಿಟ್ಟಿನಲ್ಲೇ ಬೇಡವೆಂದರು, ಆದರೆ ನನ್ನ ನಂಬರು ಬರೆದುಕೊಂಡರು. "ಹೋಗು, ನಿಮ್ಮನೇಲೂ ಕಾಯ್ತಿರ್ತಾರೆ. ಏನಾದ್ರೂ ಆದ್ರೆ ತಿಳಿಸ್ತೀನಿ." ಏನಾದರೂ ಆದರೆ. ವಾಪಸು ಬಸ್ಸಿನಲ್ಲಿ ಫೋನನ್ನು ಅಂಗೈಯಲ್ಲೇ ಹಿಡಿದಿದ್ದೆ. ಸಿಗ್ನಲ್ ಹೋದ ಕಡೆ ಉಸಿರು ಕಟ್ಟಿತು, ಬಂದ ಕಡೆಯೂ ಕಟ್ಟಿತು.

ಬಸ್ಸು ಹತ್ತುವ ಮೊದಲು ಫೋನು ಮಾಡಿದ್ದೆ, ಯಜಮಾನರು ಬಸ್‌ಸ್ಟಾಪಿಗೆ ಬೈಕು ತಂದಿದ್ದರು. ಮನೆಯಲ್ಲಿ ಅತ್ತೆ ದೀಪದ ಕೆಳಗೆ ಹಾಗೆಯೇ ಕೂತಿದ್ದರು. ತಿಪ್ಪೆ ಬಳ್ಳಿಯನ್ನು ಬುಡಸಮೇತ ಕಿತ್ತು ಗೇಟಿನ ಹೊರಗೆ ಹಾಕಿಸಿದ್ದರು.

"ಜೀವ ಐತಾ?"

"ಐತೆ ಅತ್ತೆ. ರಾತ್ರಿ ಕಳೀಬೇಕಂತೆ."

ಅತ್ತೆ ನನಗೆ ನೀರು ಕೊಟ್ಟರು. ಆಮೇಲೆ, "ಬರೋ ವಾರ ನಾನೂ ಬರ್ತೀನಿ. ಹಲ್ಲಿಲ್ಲ, ನಾಲಿಗೆ ಐತಲ್ಲ. ನೀನು ಮಾರು, ನಾನು ನೋಡ್ತೀನಿ" ಅಂದರು. ಸಂತೆಗೆ ಬರುವುದನ್ನು ಬಿಟ್ಟು ಅವರಿಗೆ ಆರು ವರ್ಷವಾಗಿತ್ತು.

ಯಜಮಾನರು ಅನ್ನ ಮಾಡಿಟ್ಟಿದ್ದರು. ಹುಳಿ ಮಾಡುವ ಧೈರ್ಯ ಆ ದಿನ ಯಾರಿಗೂ ಇರಲಿಲ್ಲ. ಮಜ್ಜಿಗೆ ಕಲಸಿ, ಉಪ್ಪನ್ನು ಅವರ ಕೈಯಲ್ಲೇ ಹಾಕಿಸಿದೆ. ಮೊದಲ ತುತ್ತು ಎತ್ತುವಾಗ ಫೋನು ಹೊಡೆದುಕೊಂಡಿತು. ತುತ್ತು ತಟ್ಟೆಗೆ ಬಿತ್ತು. ಯಜಮಾನರೇ ಎತ್ತಿ ನನ್ನ ಕಿವಿಗಿಟ್ಟರು.

"ವಾಂತಿ ನಿಂತಿದೆ" ಅಂದರು ಆ ಹೆಂಗಸು, ಪಿಸುದನಿಯಲ್ಲಿ. "ರಕ್ತ ಏನಿಲ್ಲ. ಎರಡು ಚಮಚ ಗಂಜಿ ಕುಡಿದ್ರು. ಈಗಷ್ಟೇ ನಿದ್ದೆ ಬಂತು, ಗೊರಕೆ ಕೇಳ್ತಿದ್ಯಾ?"

ಕೇಳಿಸುತ್ತಿತ್ತು. ನಾವು ಮೂವರೂ ಮಜ್ಜಿಗೆ ಅನ್ನ ಉಂಡೆವು. ಆ ದಿನ ಎಲ್ಲರಿಗಿಂತ ಮೊದಲು ನಿದ್ದೆ ಹೋದದ್ದು ಸೊರಬದ ಅಜ್ಜರು.